ಡೊಮೇನ್ ಮಾರಾಟ: ಹಣ ಬಂದಿದೆ ಎಂಬ ಇಮೇಲ್ ಇದೆ, ಖಾತೆಯಲ್ಲಿ ಹಣವಿಲ್ಲ

ಗುಬ್ಬಿಗೂಡು:

ಎಂಟು ವರ್ಷಗಳಿಂದ ಒಂದು ಡಾಟ್ ಕಾಮ್ ಹೆಸರನ್ನು ಇಟ್ಟುಕೊಂಡಿದ್ದೇನೆ. ಯಾವುದೋ ಕೆಲಸಕ್ಕೆಂದು ನೋಂದಾಯಿಸಿದ್ದು. ಕೆಲಸ ಕೈಗೂಡಲಿಲ್ಲ, ವರ್ಷಕ್ಕೊಮ್ಮೆ ನವೀಕರಣದ ಬಿಲ್ಲು ಮಾತ್ರ ತಪ್ಪದೆ ಬರುತ್ತಿದೆ. ಕಳೆದ ವಾರ ಅದನ್ನು ಕೊಳ್ಳುವುದಾಗಿ ಒಬ್ಬರು ಇಮೇಲ್ ಬರೆದರು. ಚೌಕಾಸಿಗೆ ಜಾಗವಿರಲಿ ಎಂದು ಬೆಲೆಯನ್ನು ಎರಡು ಪಟ್ಟು ಹೇಳಿದೆ. ಅವರು ಒಂದೇ ಸಾಲಿನಲ್ಲಿ ಒಪ್ಪಿಬಿಟ್ಟರು. ಹೊಸ ಉತ್ಪನ್ನ ಬಿಡುಗಡೆಯಾಗುತ್ತಿದೆಯಂತೆ, ಹೆಸರು ಎರಡು ದಿನಗಳೊಳಗೆ ಬೇಕಂತೆ.

ಇವತ್ತು ಬೆಳಿಗ್ಗೆ ಒಂದು ದೊಡ್ಡ ಪಾವತಿ ಸಂಸ್ಥೆಯ ಹೆಸರಿನಲ್ಲಿ ನನಗೆ ಇಮೇಲ್ ಬಂದಿದೆ. ‘ನಿಮಗೆ ಹಣ ಪಾವತಿಯಾಗಿದೆ. ಡೊಮೇನ್ ವರ್ಗಾಯಿಸಿದ ಪುರಾವೆ ಸಿಕ್ಕ ತಕ್ಷಣ ಮೊತ್ತ ನಿಮ್ಮ ಖಾತೆಗೆ ಬಿಡುಗಡೆಯಾಗುತ್ತದೆ’ ಎಂದಿದೆ. ಚಿಹ್ನೆ, ಬಣ್ಣ, ವಹಿವಾಟಿನ ಸಂಖ್ಯೆ ಎಲ್ಲ ಸರಿಯಾಗಿಯೇ ಕಾಣುತ್ತವೆ. ಆದರೆ ಖಾತೆಯಲ್ಲಿ ಏನೂ ತೋರಿಸುತ್ತಿಲ್ಲ. ಇಂತಹ ವ್ಯವಸ್ಥೆ ನಿಜವಾಗಿಯೂ ಇದೆಯೇ? ಮೊದಲ ಬಾರಿಗೆ ಮಾರುತ್ತಿದ್ದೇನೆ, ತಿಳಿದವರು ಹೇಳಿ.

ಹಳೆಯ ಸರ್ವರ್:

ಇಲ್ಲ. ಪುರಾವೆ ಕೊಟ್ಟ ಮೇಲೆ ಬಿಡುಗಡೆ ಎಂಬ ಆ ಸಾಲು ಹತ್ತು ಹದಿನೈದು ವರ್ಷಗಳಿಂದ ಅದೇ ಮಾತುಗಳಲ್ಲಿ ಸುತ್ತುತ್ತಿದೆ. ಇಮೇಲ್‌ನಲ್ಲಿರುವ ಕೊಂಡಿಯನ್ನು ಒತ್ತಬೇಡಿ. ಬ್ರೌಸರ್‌ನಲ್ಲಿ ವಿಳಾಸವನ್ನು ಕೈಯಿಂದಲೇ ಟೈಪ್ ಮಾಡಿ ಖಾತೆಗೆ ಹೋಗಿ. ಅಲ್ಲಿ ಕಾಣದ ಹಣ ಎಲ್ಲಿಯೂ ಇಲ್ಲ.

ಇನ್ನೊಂದು ಕೆಲಸ ಮಾಡಿ. ಇಮೇಲ್‌ನ ಪೂರ್ಣ ತಲೆಬರಹವನ್ನು ತೆರೆದು, ಉತ್ತರ ಯಾವ ವಿಳಾಸಕ್ಕೆ ಹೋಗುತ್ತದೆ ಎಂದು ನೋಡಿ. ಕಳುಹಿಸಿದವರ ಹೆಸರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು.

ಲೆಕ್ಕಿಗ:

ಹಳೆಯ ಸರ್ವರ್ ಅವರ ಮಾತು ಸರಿ. ಆದರೆ ಹಣ ಖಾತೆಯಲ್ಲಿ ಕಂಡರೆ ಸಾಕು ಎಂದು ಗುಬ್ಬಿಗೂಡು ಅರ್ಥ ಮಾಡಿಕೊಳ್ಳುವುದು ಬೇಡ. ನಾನು ಕೈ ಸುಟ್ಟುಕೊಂಡದ್ದು ಹಣ ಖಾತೆಯಲ್ಲಿ ಕಂಡ ಮೇಲೆಯೇ.

ಆಗ ಮಾರಿದ್ದು ಐದು ಅಕ್ಷರದ ಹೆಸರು. ಹಣ ಬಂದಿತು, ನಿಜವಾಗಿಯೇ ಬಂದಿತು, ಬ್ಯಾಂಕಿಗೂ ವರ್ಗಾಯಿಸಿಕೊಂಡೆ. ಡೊಮೇನ್ ಬಿಟ್ಟುಕೊಟ್ಟೆ. ಏಳನೆಯ ವಾರದಲ್ಲಿ ಪಾವತಿ ಸಂಸ್ಥೆಯಿಂದ ಪತ್ರ ಬಂದಿತು: ಕಾರ್ಡಿನ ನಿಜವಾದ ಒಡೆಯರು ಈ ವಹಿವಾಟು ತಮ್ಮದಲ್ಲ ಎಂದಿದ್ದಾರೆ. ಕದ್ದ ಕಾರ್ಡು. ನನ್ನ ಖಾತೆಯ ಶಿಲ್ಕು ಸೊನ್ನೆಗಿಂತ ಕೆಳಗಿಳಿಯಿತು. ಅಷ್ಟು ಹೊತ್ತಿಗೆ ಡೊಮೇನ್ ಎರಡು ರಿಜಿಸ್ಟ್ರಾರ್‌ಗಳನ್ನು, ಅಂದರೆ ಹೆಸರು ನೋಂದಾಯಿಸಿಕೊಡುವ ಸಂಸ್ಥೆಗಳನ್ನು, ದಾಟಿ ಮೂರನೆಯವರ ಕೈಯಲ್ಲಿತ್ತು, ಅವರೂ ಪ್ರಾಮಾಣಿಕವಾಗಿ ದುಡ್ಡು ಕೊಟ್ಟು ಕೊಂಡವರು. ಆ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ನನಗೆ ಕಾರಣವಿರಲಿಲ್ಲ.

ಈ ವ್ಯಾಪಾರದಲ್ಲಿ ಎರಡು ಗಡಿಯಾರಗಳಿವೆ. ಡೊಮೇನ್‌ನ ಗಡಿಯಾರ ವೇಗವಾಗಿ ಓಡುತ್ತದೆ. ಒಂದೇ ರಿಜಿಸ್ಟ್ರಾರ್ ಒಳಗೆ ಖಾತೆಯಿಂದ ಖಾತೆಗೆ ಕೊಟ್ಟರೆ ಕೆಲವು ನಿಮಿಷ, ಬೇರೆ ರಿಜಿಸ್ಟ್ರಾರ್‌ಗೆ ಹೋದರೆ ಹೆಚ್ಚೆಂದರೆ ಐದಾರು ದಿನ. ಹಣದ ಗಡಿಯಾರ ನಿಧಾನ. ಕಾರ್ಡ್ ಪಾವತಿಯನ್ನು ಸಾಮಾನ್ಯವಾಗಿ 120 ದಿನಗಳವರೆಗೆ ಪ್ರಶ್ನಿಸಬಹುದು. ಆನ್‌ಲೈನ್ ಪಾವತಿ ಸೇವೆಯಾದ ಪೇಪಾಲ್‌ನಲ್ಲಿ ದೂರು ತೆರೆಯಲು 180 ದಿನಗಳ ಅವಕಾಶವಿದೆ. ವಂಚಕ ಬದುಕುವುದು ಈ ಎರಡರ ನಡುವಿನ ಬಿಡುವಿನಲ್ಲಿ. ಅವನು ಅವಸರಪಡಿಸುವುದೂ ಅದಕ್ಕೇ. ಕಾರ್ಡಿನ ಒಡೆಯ ತಿಂಗಳ ವಿವರಪಟ್ಟಿ ನೋಡುವ ಮೊದಲು ಹೆಸರು ಅವನ ಕೈ ಸೇರಬೇಕು.

ಪೇಪಾಲ್‌ನ ‘ಸ್ನೇಹಿತರು ಮತ್ತು ಕುಟುಂಬ’ ಎಂಬ ಬಗೆಯಲ್ಲಿ ಕಳುಹಿಸಿದರೆ ಹಣ ಹಿಂದೆ ಹೋಗುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಕೊಂಡವನಿಗೆ ಸರಕು ಇಷ್ಟವಾಗಲಿಲ್ಲ ಎಂಬಂತಹ ದೂರಿಗೆ ಆ ಮಾತು ಹೊಂದಬಹುದು. ಕದ್ದ ಖಾತೆಯಿಂದ ಬಂದ ಹಣಕ್ಕೆ ಹೊಂದುವುದಿಲ್ಲ. ಜೊತೆಗೆ ವ್ಯಾಪಾರದ ಹಣವನ್ನು ಹಾಗೆ ಪಡೆಯುವುದೇ ನಿಯಮದ ಉಲ್ಲಂಘನೆ, ಆಮೇಲೆ ದೂರಲು ನಿಮಗೆ ಬಾಯಿಯೇ ಇರುವುದಿಲ್ಲ.

ಗುಬ್ಬಿಗೂಡು:

ಇಬ್ಬರಿಗೂ ಧನ್ಯವಾದ. ಖಾತೆಗೆ ನೇರವಾಗಿ ಹೋಗಿ ನೋಡಿದೆ, ಏನೂ ಇಲ್ಲ. ಉತ್ತರದ ವಿಳಾಸ ಒಂದು ಉಚಿತ ಇಮೇಲ್ ಸೇವೆಯದ್ದು.

ಈಗ ನಾಚಿಕೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಮೊನ್ನೆಯೇ, ಅಂದರೆ ಬೆಲೆ ಒಪ್ಪಿದ ದಿನವೇ, ‘ನಮ್ಮ ತಾಂತ್ರಿಕ ತಂಡ ಸಿದ್ಧತೆ ಮಾಡಿಕೊಳ್ಳಲಿ’ ಎಂದು ಅವರು ಕೇಳಿದಾಗ ಆಥ್ ಕೋಡ್, ಅಂದರೆ ಡೊಮೇನನ್ನು ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲು ಬೇಕಾದ ಗುಪ್ತ ಸಂಕೇತ, ಕಳುಹಿಸಿಬಿಟ್ಟಿದ್ದೇನೆ. ಹೆಸರು ಇನ್ನೂ ನನ್ನ ಖಾತೆಯಲ್ಲೇ ಕಾಣುತ್ತಿದೆ.

ಕೀಲಿಕೈ:

ಉಳಿದ ಚರ್ಚೆಯನ್ನು ಆಮೇಲೆ ಓದಿ. ಮೊದಲು ರಿಜಿಸ್ಟ್ರಾರ್ ಖಾತೆಗೆ ಹೋಗಿ ಡೊಮೇನ್ ಲಾಕ್ ಆಗಿದೆಯೇ ನೋಡಿ, ಲಾಕ್ ಇದ್ದರೆ ಕೋಡ್ ಕೈಯಲ್ಲಿದ್ದರೂ ವರ್ಗಾವಣೆ ಆಗದು. ಇಲ್ಲದಿದ್ದರೆ ಈಗಲೇ ಲಾಕ್ ಮಾಡಿ. ಆಮೇಲೆ ಹೊಸ ಆಥ್ ಕೋಡ್ ಹುಟ್ಟಿಸಿ, ಹಳೆಯದು ಆಗ ಕೆಲಸಕ್ಕೆ ಬಾರದು. ಕೆಲವು ಕಡೆ ಇದಕ್ಕೆ ಗುಂಡಿ ಇರುವುದಿಲ್ಲ, ಸಹಾಯವಾಣಿಗೆ ಬರೆಯಬೇಕಾಗುತ್ತದೆ.

ಆಮೇಲೆ ಇಮೇಲ್ ಪೆಟ್ಟಿಗೆಯಲ್ಲಿ, ಸ್ಪ್ಯಾಮ್ ಕಡತದಲ್ಲಿಯೂ, ರಿಜಿಸ್ಟ್ರಾರ್‌ನಿಂದ ವರ್ಗಾವಣೆಯ ಸೂಚನೆ ಏನಾದರೂ ಬಂದಿದೆಯೇ ಹುಡುಕಿ. ಇಲ್ಲಿ ಮೌನವೇ ಸಮ್ಮತಿ. ಬಿಟ್ಟುಕೊಡುವ ರಿಜಿಸ್ಟ್ರಾರ್ ಐದು ದಿನಗಳೊಳಗೆ ಆಕ್ಷೇಪಿಸದಿದ್ದರೆ ವರ್ಗಾವಣೆ ತಾನಾಗಿ ಪೂರ್ಣಗೊಳ್ಳುತ್ತದೆ. ಸೂಚನೆ ಬಂದಿದ್ದರೆ ಅದರಲ್ಲಿರುವ ನಿರಾಕರಣೆಯ ಕೊಂಡಿಯನ್ನು ಬಳಸಿ. ಆದರೆ ಅದು ನಿಜವಾದ ಸೂಚನೆಯೇ ಎಂದು ಮೊದಲು ಖಾತೆಯಲ್ಲಿ ಖಚಿತಪಡಿಸಿಕೊಳ್ಳಿ, ವಂಚಕರು ಇದನ್ನೂ ನಕಲು ಮಾಡುತ್ತಾರೆ.

ಗುಬ್ಬಿಗೂಡು:

ಲಾಕ್ ಇತ್ತು! ಎಂಟು ವರ್ಷಗಳ ಹಿಂದೆ ರಿಜಿಸ್ಟ್ರಾರ್ ತಾನಾಗಿ ಹಾಕಿದ್ದ ಲಾಕನ್ನು ನಾನು ಮುಟ್ಟಿಯೇ ಇರಲಿಲ್ಲ. ಸ್ಪ್ಯಾಮ್ ಕಡತದಲ್ಲಿ ಏನೂ ಇಲ್ಲ. ಕೋಡ್ ಬದಲಾಯಿಸಿದೆ. ‘ಕೋಡ್ ಕೆಲಸ ಮಾಡುತ್ತಿಲ್ಲ, ಲಾಕ್ ತೆಗೆಯಿರಿ’ ಎಂದು ನಿನ್ನೆ ರಾತ್ರಿ ಬಂದ ಸಂದೇಶಕ್ಕೆ ನಾನು ಇನ್ನೂ ಉತ್ತರಿಸಿರಲಿಲ್ಲ. ಅದರ ಅರ್ಥ ಈಗ ತಿಳಿಯಿತು.

ಕೀಲಿಕೈ:

ನಿಮ್ಮ ಸೋಮಾರಿತನ ನಿಮ್ಮನ್ನು ಕಾಪಾಡಿದೆ. ಖಾತೆಗೆ ಎರಡು ಹಂತದ ದೃಢೀಕರಣವನ್ನೂ ಹಾಕಿಬಿಡಿ. ಆ ಖಾತೆಗೆ ಜೋಡಿಸಿರುವ ಇಮೇಲ್‌ಗೂ ಹಾಕಿ, ಏಕೆಂದರೆ ಇಮೇಲ್ ಹಿಡಿದವನ ಕೈಗೆ ಉಳಿದೆಲ್ಲವೂ ಸಿಗುತ್ತದೆ.

ಅಡ್ಡಪ್ರಶ್ನೆ:

ಈಗ ಎಲ್ಲರೂ ‘ಎಸ್ಕ್ರೋ ಬಳಸಿ’, ಅಂದರೆ ಹೆಸರು ಕೈ ಸೇರುವವರೆಗೆ ಹಣವನ್ನು ಮೂರನೆಯವರ ಬಳಿ ಇಡಿ, ಎಂದು ಹೇಳಲು ಬರುತ್ತಾರೆ, ಅದಕ್ಕೆ ಮುಂಚೆಯೇ ನನ್ನ ತಕರಾರು. ಸಣ್ಣ ಬೆಲೆಯ ಹೆಸರಿಗೆ ಎಸ್ಕ್ರೋದ ಕನಿಷ್ಠ ಶುಲ್ಕವೇ ಲಾಭದ ದೊಡ್ಡ ಪಾಲನ್ನು ನುಂಗುತ್ತದೆ. ಗುರುತಿನ ಚೀಟಿ ಕೊಡಬೇಕು, ದಿನಗಟ್ಟಲೆ ಕಾಯಬೇಕು. ಕೊಳ್ಳುವವನು ಬೇಸತ್ತು ಬೇರೆ ಹೆಸರು ಹುಡುಕಿಕೊಳ್ಳುತ್ತಾನೆ. ನಾನು ಬ್ಯಾಂಕ್ ವರ್ಗಾವಣೆ ಇಲ್ಲವೇ ಕ್ರಿಪ್ಟೋ ಮಾತ್ರ ತೆಗೆದುಕೊಳ್ಳುತ್ತೇನೆ. ಎರಡಕ್ಕೂ ಚಾರ್ಜ್‌ಬ್ಯಾಕ್, ಅಂದರೆ ಕೊಟ್ಟ ಹಣವನ್ನು ದೂರು ಕೊಟ್ಟು ಹಿಂಪಡೆಯುವುದು, ಎಂಬುದೇ ಇಲ್ಲ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಮೋಸ ಹೋಗಿಲ್ಲ.

ಲೆಕ್ಕಿಗ:

ಒಮ್ಮೆಯೂ ಮೋಸ ಹೋಗಿಲ್ಲ ಎಂದು ನಾನೂ ಆ ಏಳನೆಯ ವಾರದವರೆಗೆ ಹೇಳುತ್ತಿದ್ದೆ.

ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ. ಬ್ಯಾಂಕ್ ವರ್ಗಾವಣೆ ಕಾರ್ಡಿಗಿಂತ ಎಷ್ಟೋ ಗಟ್ಟಿ. ಆದರೆ ಬರುವ ಹಣ ಯಾರ ಖಾತೆಯಿಂದ ಬರುತ್ತಿದೆ? ಕೊಳ್ಳುವವನ ಹೆಸರು ಒಂದು, ಹಣ ಕಳುಹಿಸಿದವರ ಹೆಸರು ಇನ್ನೊಂದು ಇದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಬೇರೆ ಯಾರನ್ನೋ ವಂಚಿಸಿ ನಿಮ್ಮ ಖಾತೆಗೆ ಹಾಕಿಸಿದ ಹಣವಾಗಿರಬಹುದು. ಅವರು ದೂರು ಕೊಟ್ಟ ದಿನ ಬ್ಯಾಂಕ್ ಸ್ತಂಭನಗೊಳಿಸುವುದು ನಿಮ್ಮ ಖಾತೆಯನ್ನು, ಉತ್ತರ ಹೇಳಬೇಕಾದವರೂ ನೀವೇ. ಇನ್ನು ‘ಸ್ವಿಫ್ಟ್ ರಸೀದಿ ಕಳುಹಿಸಿದ್ದೇನೆ, ನೋಡಿ’ ಎಂದು ಬರುವ ಅಂತರರಾಷ್ಟ್ರೀಯ ಬ್ಯಾಂಕ್ ವರ್ಗಾವಣೆಯ ಪಿಡಿಎಫ್‌ಗೆ ಬೆಲೆಯೇ ಇಲ್ಲ. ಅಂತಹ ರಸೀದಿಯನ್ನು ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ತಯಾರಿಸಬಹುದು.

ಹೆಚ್ಚು ಹಣ ಕಳುಹಿಸಿ, ಉಳಿದದ್ದನ್ನು ಬೇರೆ ಖಾತೆಗೆ ಹಿಂತಿರುಗಿಸಿ ಎನ್ನುವವರೂ ಇದ್ದಾರೆ. ಚೆಕ್ಕಿನ ಕಾಲದ ಹಳೆಯ ಆಟ ಅದು. ಚೆಕ್ಕಿನ ಮೊತ್ತ ತಾತ್ಕಾಲಿಕವಾಗಿ ಜಮೆಯಾಗುತ್ತದೆ, ನೀವು ಹೆಚ್ಚುವರಿಯನ್ನು ನಿಜವಾದ ಹಣದಲ್ಲಿ ಹಿಂತಿರುಗಿಸುತ್ತೀರಿ, ವಾರಗಳ ಮೇಲೆ ಚೆಕ್ಕು ಖೋಟಾ ಎಂದು ತಿರುಗಿ ಬರುತ್ತದೆ. ಡೊಮೇನೂ ಹೋಯಿತು, ಕೈಯಿಂದ ಕೊಟ್ಟದ್ದೂ ಹೋಯಿತು.

ಕ್ರಿಪ್ಟೋ ಹಿಂದೆ ಹೋಗುವುದಿಲ್ಲ, ಒಪ್ಪಿದೆ. ಆದರೆ ಬಂದಿದೆಯೇ ಎಂದು ತಿಳಿಯಲು ಅವರು ಕಳುಹಿಸಿದ ಚಿತ್ರವನ್ನಲ್ಲ, ವಹಿವಾಟುಗಳೆಲ್ಲ ದಾಖಲಾಗುವ ಸಾರ್ವಜನಿಕ ಲೆಕ್ಕಪುಸ್ತಕವಾದ ಬ್ಲಾಕ್‌ಚೈನ್ ಅನ್ನೇ ನೋಡಬೇಕು. ಬಿಟ್‌ಕಾಯಿನ್ ಆದರೆ ಆ ಪುಸ್ತಕದಲ್ಲಿ ಆರು ದೃಢೀಕರಣಗಳಾಗಲಿ, ಸುಮಾರು ಒಂದು ಗಂಟೆ ಬೇಕು. ಡಾಲರ್‌ನಂತಹ ಹಣಕ್ಕೆ ಬೆಲೆ ಕಟ್ಟಿಹಾಕಿದ ಸ್ಥಿರ ಬೆಲೆಯ ಟೋಕನ್ ಆದರೆ ಇನ್ನೊಂದು ತೊಡಕಿದೆ: ಅದೇ ಹೆಸರಿನ, ಅದೇ ಚಿಹ್ನೆಯ, ಬೆಲೆಯಿಲ್ಲದ ನಕಲಿ ಟೋಕನ್ ಸೃಷ್ಟಿಸುವುದು ಮಕ್ಕಳಾಟ. ಬ್ಲಾಕ್‌ಚೈನ್‌ನಲ್ಲಿ ಟೋಕನ್‌ನ ಗುರುತಾಗಿರುವ ಒಪ್ಪಂದ ವಿಳಾಸ ಅಸಲಿಯದ್ದೇ ಎಂದು ತಾಳೆ ನೋಡದೆ ಯಾವುದನ್ನೂ ನಂಬಬಾರದು.

ಅಡ್ಡಪ್ರಶ್ನೆ:

ಕಳುಹಿಸಿದವರ ಹೆಸರು ತಾಳೆ ನೋಡುವುದನ್ನು ನಾನು ಈವರೆಗೆ ಮಾಡಿಲ್ಲ. ಸರಿ, ಆ ಒಂದನ್ನು ಒಪ್ಪಿಕೊಂಡೆ. ಶುಲ್ಕದ ಬಗ್ಗೆ ನನ್ನ ತಕರಾರು ಹಾಗೆಯೇ ಇದೆ.

ಹಳೆಯ ಸರ್ವರ್:

ಸಣ್ಣ ಹೆಸರುಗಳಿಗೆ ಡೊಮೇನ್ ಮಾರುಕಟ್ಟೆ ತಾಣಗಳಿವೆಯಲ್ಲ. ಸೆಡೊ, ಆಫ್ಟರ್ನಿಕ್ ಇಂತಹವು. ಹಣ ಪಡೆಯುವುದೂ ಹೆಸರು ದಾಟಿಸುವುದೂ ಅವರ ಮೂಲಕವೇ ಆಗುತ್ತದೆ. ಕಮಿಷನ್ ಕೊಡಬೇಕು, ನಿಜ, ಆದರೆ ಕದ್ದ ಕಾರ್ಡಿನ ಚಿಂತೆ ಬಹುಮಟ್ಟಿಗೆ ಅವರ ತಲೆಗೆ ಹೋಗುತ್ತದೆ. ನೇರವಾಗಿ ಇಮೇಲ್ ಬರೆದು ಬಂದ ಗಿರಾಕಿಗೂ ‘ಅಲ್ಲಿ ಪಟ್ಟಿ ಮಾಡಿದ್ದೇನೆ, ಅಲ್ಲಿಯೇ ಕೊಳ್ಳಿ’ ಎಂದು ಹೇಳಬಹುದು.

ಗುಬ್ಬಿಗೂಡು:

ಮುಂದಿನ ಕಂತು. ‘ಪಾವತಿ ಕಾಣುತ್ತಿಲ್ಲ, ಎಸ್ಕ್ರೋ ಮೂಲಕ ಮಾಡೋಣ’ ಎಂದು ಬರೆದೆ. ಹತ್ತೇ ನಿಮಿಷಗಳಲ್ಲಿ ಸಂತೋಷದಿಂದ ಒಪ್ಪಿದರು. ತಾವು ಯಾವಾಗಲೂ ಬಳಸುವ ಎಸ್ಕ್ರೋ ತಾಣವೊಂದಿದೆ ಎಂದು ಕೊಂಡಿ ಕಳುಹಿಸಿದ್ದಾರೆ. ನೋಡಲು ಚೆನ್ನಾಗಿದೆ. ಬೀಗದ ಚಿಹ್ನೆ ಇದೆ, ಗ್ರಾಹಕರ ಹೊಗಳಿಕೆಗಳಿವೆ. ನನ್ನ ಹೆಸರಿನಲ್ಲಿ ವಹಿವಾಟನ್ನೂ ತೆರೆದು ‘ಹಣ ಜಮೆಯಾಗಿದೆ’ ಎಂದು ತೋರಿಸುತ್ತಿದೆ. ಒಪ್ಪಿದ ವೇಗ ನೋಡಿ ಅನುಮಾನ ಬಂದು ಕೇಳುತ್ತಿದ್ದೇನೆ.

ಹಳೆಯ ಸರ್ವರ್:

ಅನುಮಾನ ಸರಿಯಾದ ಕಡೆಯೇ ಬಂದಿದೆ. ಬೀಗದ ಚಿಹ್ನೆಗೆ ಇರುವ ಅರ್ಥ ಒಂದೇ: ನಿಮ್ಮ ಮತ್ತು ಆ ತಾಣದ ನಡುವಿನ ಮಾತನ್ನು ದಾರಿಯಲ್ಲಿ ಬೇರೆಯವರು ಕದ್ದು ಕೇಳಲಾರರು. ಆ ಕಡೆ ಕುಳಿತವನೇ ಕಳ್ಳನಾದರೆ ಅವನ ಬಾಗಿಲಿಗೂ ಅದೇ ಬೀಗ, ಅದೂ ಉಚಿತವಾಗಿ ಸಿಗುತ್ತದೆ.

ಆ ತಾಣದ ಡೊಮೇನ್ ಯಾವಾಗ ನೋಂದಣಿಯಾಯಿತು ಎಂದು ನೋಡಿ. ಡೊಮೇನ್ ಮಾರುವವರು ನಾವು, ಈ ಒಂದು ವಿದ್ಯೆಯಾದರೂ ನಮಗೆ ಗೊತ್ತಿರಬೇಕು! 2018ರ ಮೇ ತಿಂಗಳ ನಂತರ, ಯುರೋಪಿನ ಖಾಸಗಿತನದ ನಿಯಮದಿಂದಾಗಿ, ಒಡೆಯರ ಹೆಸರು ಹೆಚ್ಚಾಗಿ ಮರೆಯಾಗಿರುತ್ತದೆ, ಆದರೆ ನೋಂದಣಿಯ ದಿನಾಂಕ ಈಗಲೂ ಎಲ್ಲರಿಗೂ ಕಾಣುತ್ತದೆ. ನೋಂದಣಿಯ ವಿವರ ತೋರಿಸುವ ಹಳೆಯ ಹೂಈಸ್ ಸೇವೆಯನ್ನು ನಡೆಸಲೇಬೇಕೆಂಬ ಕಡ್ಡಾಯ 2025ರ ಜನವರಿ 28ಕ್ಕೆ ಮುಗಿದಿದೆ, ಅದರ ಜಾಗಕ್ಕೆ ಬಂದಿರುವ ಆರ್‌ಡಿಎಪಿಯಲ್ಲಿ ಹುಡುಕಿ. ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ತಾಣದಲ್ಲಿಯೇ ಹುಡುಕಾಟದ ಪುಟವಿದೆ.

ಗುಬ್ಬಿಗೂಡು:

ನೋಂದಣಿಯಾಗಿ ಹತ್ತೊಂಬತ್ತು ದಿನವಾಗಿದೆ. ಮುಖಪುಟದಲ್ಲಿ ಮಾತ್ರ ‘ಹದಿನಾಲ್ಕು ವರ್ಷಗಳ ನಂಬಿಕೆ’ ಎಂದು ಬರೆದುಕೊಂಡಿದ್ದಾರೆ.

ಲೆಕ್ಕಿಗ:

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ!

ಎಸ್ಕ್ರೋ ಯಾವುದು ಎಂದು ಆರಿಸುವುದು ಮಾರುವವರಾಗಿರಲಿ, ವಿಳಾಸವನ್ನು ಟೈಪ್ ಮಾಡುವುದೂ ಅವರೇ ಆಗಿರಲಿ. ನಾನು ಬಳಸುವುದು ಎಸ್ಕ್ರೋ ಡಾಟ್ ಕಾಮ್, 1999ರಿಂದ ಇರುವ ಪರವಾನಗಿ ಪಡೆದ ಸಂಸ್ಥೆ. ಅದರ ಹೆಸರಿನ ಹಿಂದೆ ಮುಂದೆ ಒಂದು ಪದ, ಒಂದು ಅಡ್ಡಗೆರೆ ಸೇರಿಸಿದ ನಕಲಿ ತಾಣಗಳು ಆಗಾಗ ಹುಟ್ಟಿಕೊಳ್ಳುತ್ತವೆ. ಇನ್ನೂ ನಾಜೂಕಿನವರು ಲ್ಯಾಟಿನ್ ಅಕ್ಷರದ ಜಾಗದಲ್ಲಿ ಅದರಂತೆಯೇ ಕಾಣುವ ರಷ್ಯನ್ ಲಿಪಿಯ ಅಕ್ಷರ ಕೂರಿಸುತ್ತಾರೆ, ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ವಿಳಾಸಪಟ್ಟಿಯಲ್ಲಿ ಎಕ್ಸ್, ಎನ್ ಮತ್ತು ಎರಡು ಅಡ್ಡಗೆರೆಗಳಿಂದ ಶುರುವಾಗುವ ಕಲಸುಮೇಲೋಗರ ಕಂಡರೆ ಅದೇ ಇದು.

ನಿಜವಾದ ಎಸ್ಕ್ರೋ ಹೀಗೆ ನಡೆಯುತ್ತದೆ. ಬೆಲೆ, ಶುಲ್ಕ ಯಾರದ್ದು, ಪರಿಶೀಲನೆಗೆ ಎಷ್ಟು ದಿನ ಎಂಬುದನ್ನು ಇಬ್ಬರೂ ಮೊದಲೇ ಒಪ್ಪುತ್ತಾರೆ. ಕೊಳ್ಳುವವನು ಎಸ್ಕ್ರೋಗೆ ಹಣ ಕೊಡುತ್ತಾನೆ. ಹಣ ಭದ್ರವಾಯಿತು ಎಂದು ಎಸ್ಕ್ರೋ ಖಚಿತಪಡಿಸುತ್ತದೆ, ಅದನ್ನು ನೀವು ಇಮೇಲ್‌ನಲ್ಲಿ ಅಲ್ಲ, ಖಾತೆಗೆ ಲಾಗಿನ್ ಆಗಿ ಓದುತ್ತೀರಿ. ಆಗ ಮಾತ್ರ ಲಾಕ್ ತೆಗೆದು ಕೋಡ್ ಕೊಡುತ್ತೀರಿ. ಹೆಸರು ಕೈ ಸೇರಿತು ಎಂದು ಅವನು ಒಪ್ಪಿದ ಮೇಲೆ ಹಣ ನಿಮಗೆ ಬರುತ್ತದೆ. ಎರಡು ಗಡಿಯಾರಗಳ ನಡುವಿನ ಅಂತರವನ್ನು ಮೂರನೆಯವರೊಬ್ಬರು ಶುಲ್ಕ ಪಡೆದು ಹೊರುತ್ತಾರೆ, ಅಡ್ಡಪ್ರಶ್ನೆಯವರೇ, ಶುಲ್ಕ ಇರುವುದು ಇದಕ್ಕೆ. ಕಾರ್ಡಿನಲ್ಲಿ ಹಣ ಕೊಟ್ಟು ಆಮೇಲೆ ತಿರುಗಿಬಿದ್ದರೆ ಹೊಣೆ ಯಾರದ್ದು ಎಂದು ಆ ಸಂಸ್ಥೆಯ ನಿಯಮಗಳಲ್ಲಿ ಓದಿಕೊಳ್ಳಿ. ನಾನಂತೂ ಬ್ಯಾಂಕ್ ವರ್ಗಾವಣೆಯಿಂದಲೇ ತುಂಬಲು ಹೇಳುತ್ತೇನೆ.

ಮಳೆಬಿಲ್ಲು:

ಕೊಳ್ಳುವವರ ಕಡೆಯಿಂದ ಒಂದು ಮಾತು. ನಮಗೂ ಭಯವಿದೆ, ಮಾರುವವನೇ ಕಳ್ಳನಾಗಿದ್ದರೆ? ಪಿ2ಪಿ ಡಾಟ್ ಕಾಮ್ 2006ರಲ್ಲಿ ಕಳವಾಯಿತು. ಕದ್ದವನು ಅದನ್ನು ಈಬೇಯಲ್ಲಿ ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರನಿಗೆ ಒಂದು ಲಕ್ಷ ಡಾಲರ್‌ಗೂ ಹೆಚ್ಚಿನ ಬೆಲೆಗೆ ಮಾರಿದ, ಕದ್ದವನ ಬಂಧನವಾಗುವ ಹೊತ್ತಿಗೆ 2009 ಬಂದಿತ್ತು. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ತಾಣವಾದ ಪರ್ಲ್ ಡಾಟ್ ಕಾಮ್ ಅನ್ನೇ ಅಪಹರಿಸಿ ಮಾರಾಟಕ್ಕಿಟ್ಟದ್ದು 2021ರ ಜನವರಿಯಲ್ಲಿ ಬಯಲಾಯಿತು, ಅದೃಷ್ಟವಶಾತ್ ಫೆಬ್ರುವರಿಯಲ್ಲಿ ಅದು ಒಡೆಯರಿಗೆ ಮರಳಿತು. ಹಾಗಾಗಿ ಕೊಳ್ಳುವವರು ಪುರಾವೆ ಕೇಳಿದರೆ ಸಿಡುಕಬೇಡಿ.

ಸುರಕ್ಷಿತ ಪುರಾವೆ ಯಾವುದೆಂದರೆ ಟಿಎಕ್ಸ್‌ಟಿ ದಾಖಲೆ. ಅವರು ಹೇಳಿದ ಒಂದು ಪದವನ್ನು ಡೊಮೇನ್‌ನ ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರಿನ ತಾಂತ್ರಿಕ ವಿವರಗಳ ಪಟ್ಟಿಯಲ್ಲಿ, ಸೇರಿಸಿ ತೋರಿಸಿ. ಹೆಸರು ನಿಮ್ಮ ಹಿಡಿತದಲ್ಲಿದೆ ಎಂದು ಸಾಬೀತಾಗುತ್ತದೆ. ಒಂದು ಎಚ್ಚರಿಕೆ: ಅವರು ಕೊಟ್ಟದ್ದು ಉದ್ದನೆಯ ಅರ್ಥವಿಲ್ಲದ ಅಕ್ಷರಮಾಲೆಯಾಗಿದ್ದರೆ ಅದು ಬೇರೆ ಯಾವುದೋ ಸೇವೆಯ ದೃಢೀಕರಣ ಸಂಕೇತವೂ ಆಗಿರಬಹುದು, ಸಾದಾ ಪದವನ್ನೇ ಕೇಳಿ.

ಕೀಲಿಕೈ:

ಇದಕ್ಕೆ ಸೇರಿಸುತ್ತೇನೆ. ‘ಪರೀಕ್ಷೆಗೆ’ ಎಂದು ನೇಮ್‌ಸರ್ವರ್, ಅಂದರೆ ಆ ಹೆಸರಿನ ತಾಣ, ಇಮೇಲ್ ಎಲ್ಲಿವೆ ಎಂದು ದಾರಿ ತೋರಿಸುವ ಸರ್ವರ್, ಬದಲಾಯಿಸಿಕೊಡಲು ಕೇಳಿದರೆ ಕೊಡಲೇಬೇಡಿ. ಒಡೆತನ ನಿಮ್ಮದಾಗಿಯೇ ಉಳಿದರೂ ಆ ಹೆಸರಿಗೆ ಬರುವ ಇಮೇಲ್ ಎಲ್ಲವೂ ಅವರಿಗೆ ಹೋಗುತ್ತದೆ. ಆ ವಿಳಾಸದಿಂದ ನೀವು ಯಾವ ಯಾವ ಖಾತೆಗಳನ್ನು ತೆರೆದಿದ್ದಿರೋ ಅವುಗಳ ಪಾಸ್‌ವರ್ಡ್ ಬದಲಾವಣೆಯ ಕೊಂಡಿಯೂ ಅದರಲ್ಲಿ ಸೇರುತ್ತದೆ. ರಿಜಿಸ್ಟ್ರಾರ್ ಖಾತೆಗೆ ಅದೇ ಡೊಮೇನ್‌ನ ಇಮೇಲ್ ಕೊಟ್ಟಿದ್ದರಂತೂ ಮುಗಿಯಿತು, ಕಳ್ಳನ ಕೈಗೆ ಬೀಗದ ಕೈ.

ಮೌನಿ:

ಮೌಲ್ಯಮಾಪನ ಪ್ರಮಾಣಪತ್ರದ ಮಾತು ಯಾರೂ ಎತ್ತಲಿಲ್ಲ. ನನಗೆ ಸಿಕ್ಕ ಗಿರಾಕಿ ಡೊಮೇನನ್ನು ಕದಿಯಲೂ ಇಲ್ಲ, ಹಣ ಹಿಂಪಡೆಯಲೂ ಇಲ್ಲ. ‘ಬೆಲೆ ಒಪ್ಪಿಗೆ, ಆದರೆ ಹೂಡಿಕೆದಾರರಿಗೆ ತೋರಿಸಲು ಅಧಿಕೃತ ಮೌಲ್ಯಮಾಪನ ಬೇಕು’ ಎಂದ. ಬೇರೆ ಯಾವ ಸಂಸ್ಥೆಯದ್ದೂ ನಡೆಯುವುದಿಲ್ಲ, ಅವನು ಹೇಳಿದ ಸಂಸ್ಥೆಯದ್ದೇ ಬೇಕಂತೆ. ಶುಲ್ಕ ಕಟ್ಟಿ ಪ್ರಮಾಣಪತ್ರ ಪಡೆದು ಕಳುಹಿಸಿದೆ. ಆಮೇಲೆ ಅವನ ಸುಳಿವಿಲ್ಲ. ಪ್ರಮಾಣಪತ್ರ ಮಾರಿದವನೂ ಅವನೇ ಎಂದು ತಿಳಿಯಲು ನನಗೆ ತಿಂಗಳು ಹಿಡಿಯಿತು. ಮೊತ್ತ ಚಿಕ್ಕದು, ಯಾರಿಗೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಅಡ್ಡಪ್ರಶ್ನೆ:

ಒಂದು ಪ್ರಶ್ನೆ. ಡೊಮೇನ್ ಹೋಗಿ, ಹಣವೂ ಹಿಂದಕ್ಕೆ ಹೋದರೆ ಐಕ್ಯಾನ್‌ಗೆ ದೂರು ಕೊಟ್ಟು ಹೆಸರನ್ನು ಮರಳಿ ಪಡೆಯಲಾಗದೇ?

ಲೆಕ್ಕಿಗ:

ನಾನು ಪ್ರಯತ್ನಿಸಿದ್ದೇನೆ. ಐಕ್ಯಾನ್ ನೋಡುವುದು ವರ್ಗಾವಣೆಯ ನಿಯಮ ಪಾಲನೆಯಾಯಿತೇ ಎಂಬುದನ್ನು. ಲಾಕ್ ತೆಗೆದವನು ನಾನು, ಕೋಡ್ ಕೊಟ್ಟವನು ನಾನು, ನಿಯಮದ ಪ್ರಕಾರ ಅದು ಕ್ರಮಬದ್ಧ ವರ್ಗಾವಣೆ. ಹಣದ ವ್ಯಾಜ್ಯ ಅವರ ವ್ಯಾಪ್ತಿಗೆ ಬರುವುದಿಲ್ಲ. ನ್ಯಾಯಾಲಯವಿದೆ, ಸರಿ. ಸೆಕ್ಸ್ ಡಾಟ್ ಕಾಮ್ ಪ್ರಕರಣದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2003ರಲ್ಲಿ ಡೊಮೇನ್ ಹೆಸರೂ ಆಸ್ತಿಯೇ ಎಂದು ಹೇಳಿತು. ಆದರೆ ಆ ಹೆಸರು ಖೋಟಾ ಪತ್ರದಿಂದ ಕಳವಾದದ್ದು 1995ರಲ್ಲಿ. ಕದ್ದವನು 6.5 ಕೋಟಿ ಡಾಲರ್ ಕೊಡಬೇಕೆಂದು ತೀರ್ಪಾದರೂ ಅವನು ದೇಶ ಬಿಟ್ಟು ಓಡಿಹೋಗಿದ್ದ. ನಮ್ಮ ಐದಕ್ಷರದ ಹೆಸರಿಗೆ ಅಷ್ಟು ವರ್ಷ ಯಾರು ಅಲೆಯುತ್ತಾರೆ?

ಕೆಲಸಕ್ಕೆ ಬರುವ ದಾರಿ ಒಂದೇ, ವೇಗ. ಮೋಸ ತಿಳಿದ ಗಂಟೆಯಲ್ಲಿಯೇ ಎರಡೂ ಕಡೆಯ ರಿಜಿಸ್ಟ್ರಾರ್‌ಗಳ ದುರ್ಬಳಕೆ ವಿಭಾಗಕ್ಕೆ ಇಮೇಲ್‌ಗಳು, ಒಪ್ಪಂದ, ಚಾರ್ಜ್‌ಬ್ಯಾಕ್ ನೋಟಿಸು ಎಲ್ಲವನ್ನೂ ಸೇರಿಸಿ ಬರೆಯಬೇಕು. ಒಮ್ಮೆ ವರ್ಗಾವಣೆಯಾದ ಹೆಸರನ್ನು ಬಹುತೇಕ ರಿಜಿಸ್ಟ್ರಾರ್‌ಗಳು 60 ದಿನ ಮತ್ತೆ ಹೊರಗೆ ಬಿಡುವುದಿಲ್ಲ, ಆ ಅವಧಿಯಲ್ಲಿ ತಡೆಯಲು ಅವಕಾಶವಿರುತ್ತದೆ. ನನ್ನ ಹೆಸರು ಅದು ಹೇಗೋ ಆ ಬಲೆಯನ್ನೂ ನುಸುಳಿತು.

ಗುಬ್ಬಿಗೂಡು:

ಕೊನೆಯ ವರದಿ. ‘ನಾನು ಆರಿಸಿದ ಎಸ್ಕ್ರೋದಲ್ಲಿ ವಹಿವಾಟು ತೆರೆದಿದ್ದೇನೆ, ಹಣವನ್ನು ಅಲ್ಲಿಯೇ ತುಂಬಿ’ ಎಂದು ಆ ಗಿರಾಕಿಗೆ ಬರೆದೆ. ಮೊದಲು ನೊಂದುಕೊಂಡರು, ಆಮೇಲೆ ವಕೀಲರ ಮಾತೆತ್ತಿದರು, ಆಮೇಲೆ ಮೌನ. ಉತ್ಪನ್ನದ ಬಿಡುಗಡೆ ಏನಾಯಿತೋ ತಿಳಿಯದು.

ಹೆಸರನ್ನು ಈಗ ಮಾರುಕಟ್ಟೆ ತಾಣದಲ್ಲಿ ಪಟ್ಟಿ ಮಾಡಿದ್ದೇನೆ. ನಿನ್ನೆ ಒಬ್ಬರು ಅರ್ಧ ಬೆಲೆಗೆ ಕೇಳಿದ್ದಾರೆ, ಜೊತೆಗೆ ಟಿಎಕ್ಸ್‌ಟಿ ದಾಖಲೆಯನ್ನೂ ಕೇಳಿದ್ದಾರೆ. ಇಷ್ಟು ಜಿಪುಣತನ ತೋರಿಸುವವರು ನಿಜವಾದ ಗಿರಾಕಿಯೇ ಇರಬೇಕು.

ಮಳೆಬಿಲ್ಲು:

ಆ ಅರ್ಧ ಬೆಲೆಯವರು ನಾನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.